ಮೂರನೆಯ ಸಲ ಕೇಳಲಿಲ್ಲ

ತೆಹ್ರಾನ್, ಜವಾದಿಯೆ
೫ ಬಹಮನ್ ೧೩೫೯, ಭಾನುವಾರ
(ಅವರ ಲೆಕ್ಕದಲ್ಲಿ ೨೫ ಜನವರಿ ೧೯೮೧)

ಪ್ರೀತಿಯ ಮಗಳೇ, ಮನೀಜೆ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಗುರುವಾರ ಗೇಟಿನ ಹತ್ತಿರ ನಿನ್ನನ್ನು ನೋಡಿಕೊಂಡು ಬಂದ ನಿನ್ನ ಅಮ್ಮ, ಚಾದರ ತೆಗೆಯುವುದಕ್ಕೂ ಮುಂಚೆ “ಮಗು ಕಡ್ಡಿಯಾಗಿಬಿಟ್ಟಿದಾಳೆ ಕಣ್ರೀ, ಕೆನ್ನೆ ಅನ್ನೋದೇ ಉಳಿದಿಲ್ಲ” ಎಂದು ಶುರು ಮಾಡಿದಳು. ಕೆಮ್ಮಿಗೆ ಒಂದು ಪೊಟ್ಟಣ ಬೀಜ ಕಳಿಸಿದ್ದೇನೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ಲೋಳೆ ನೀರನ್ನು ಖಾಲಿ ಹೊಟ್ಟೆಗೆ ಕುಡಿ. ಇಡೀ ಕೋಣೆಯವರಿಗೆ ಹಂಚಿ ಕೊನೆಗೆ ನೀನೇ ಕೆಮ್ಮುತ್ತಾ ಕೂರಬೇಡ. ನಿನ್ನ ಬುದ್ಧಿ ನನಗೆ ಗೊತ್ತು. ತಾರೀಖನ್ನು ಎರಡು ಲೆಕ್ಕದಲ್ಲೂ ಬರೆದಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ಹತ್ತೊಂಬತ್ತು ವರ್ಷ ಅಮೆರಿಕನ್ನರ ರಾಯಭಾರ ಕಚೇರಿಯ ಅಡುಗೆಮನೆಯ ಹಲಗೆಯ ಮೇಲೆ ದಿನಾ ಬೆಳಿಗ್ಗೆ ಹಾಗೆ ಬರೆದು ಕೈಗೆ ಅಭ್ಯಾಸವಾಗಿದೆ. ಲಕೋಟೆಯ ಮೇಲೆ ಸುಮಯ್ಯಾ ಎಂದೇ ಬರೆದಿದ್ದೇನೆ, ಇಲ್ಲದಿದ್ದರೆ ನಿಮ್ಮ ಗೇಟಿನವರಿಗೆ ಯಾರೆಂದು ಗೊತ್ತಾಗುವುದಿಲ್ಲವಂತೆ. ಹೊರಗಿನ ಹೆಸರು ನೀನು ಇಟ್ಟುಕೊಂಡದ್ದು, ಒಳಗಿನದು ನಾನು ಇಟ್ಟದ್ದು. ಎರಡೂ ಇರಲಿ ಬಿಡು.

ಇಲ್ಲಿ ನಾವು ಕ್ಷೇಮ. ನಿನ್ನ ಅಮ್ಮನ ಮಂಡಿ ಹಿಮ ಬಿದ್ದ ದಿನ ಕೂಗುತ್ತದೆ, ಕರಗಿದ ದಿನ ಸುಮ್ಮನಿರುತ್ತದೆ. ಸೀಮೆಎಣ್ಣೆಯ ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸ, ಕೂಪನ್ನಿನ ಸಾಲು ಅವಳದು. ಯುದ್ಧ ಶುರುವಾದಾಗ ಕಿಟಕಿಗಳಿಗೆ ಅಂಟಿಸಿದ ಕಪ್ಪು ಕಾಗದ ಇನ್ನೂ ಹಾಗೇ ಇದೆ. ಹಗಲಲ್ಲೂ ದೀಪ ಹಾಕಿ ಅಕ್ಕಿ ಆರಿಸಬೇಕು. ನಾನು ಆಗೀಗ ಮದುವೆ ಮನೆಗಳ ಅಡುಗೆಗೆ ಹೋಗುತ್ತೇನೆ. ಇನ್ನೊಂದು ವಿಷಯ, ಅಮ್ಮ ಹೇಳಿರಲಿಕ್ಕಿಲ್ಲ: ಅನ್ನದ ತಳದಲ್ಲಿ ಹಿಡಿಯುವ ಗರಿಗರಿ ಚಕ್ಕೆಯನ್ನು ನಾನು ಇವತ್ತಿಗೂ ಮೂರು ತುಂಡು ಮಾಡುತ್ತೇನೆ. ಮಾಡಿದ ಮೇಲೆ ನೆನಪಾಗುತ್ತದೆ. ಮೂರನೆಯ ತುಂಡನ್ನು ನಿನ್ನ ಅಮ್ಮ ಎತ್ತಿ ಗುಬ್ಬಿಗಳಿಗೆ ಹಾಕುತ್ತಾಳೆ. ಜವಾದಿಯೆಯಲ್ಲಿ ಅಷ್ಟು ದಪ್ಪ ಗುಬ್ಬಿಗಳು ಇನ್ನೆಲ್ಲೂ ಇಲ್ಲ.

ನಿಮ್ಮ ವಿದ್ಯಾರ್ಥಿಗಳ ಗುಂಪು ಒತ್ತೆಯಾಳಾಗಿ ಇಟ್ಟುಕೊಂಡಿದ್ದ ಅಮೆರಿಕನ್ನರೆಲ್ಲ ಮಂಗಳವಾರ ಹೊರಟರೆಂದು ರೇಡಿಯೋದಲ್ಲಿ ಕೇಳಿದೆವು. ಮರುದಿನ ಕಿರಾಣಿ ಅಂಗಡಿಯ ಸಫ್ದರ್ ತನ್ನ ಟಿ.ವಿ.ಯ ಮುಂದೆ ನನಗೊಂದು ಸ್ಟೂಲು ಹಾಕಿದ. ಐವತ್ತೆರಡು ಜನ, ಸಾಲಾಗಿ, ಎರಡು ಕಡೆ ಕೂಗುವ ಹುಡುಗರ ನಡುವೆ ವಿಮಾನದ ಮೆಟ್ಟಿಲಿಗೆ ಹೋದರು. ಅರ್ಧ ಮುಖಗಳ ಗುರುತೇ ಸಿಗಲಿಲ್ಲ. ನಾನು ಮನುಷ್ಯರನ್ನು ತಟ್ಟೆಯಿಂದ ಗುರುತು ಹಿಡಿಯುವವನು. ಈತ ಮೊಟ್ಟೆಯ ಹಳದಿ ಬಿಡುವವನು, ಆತ ಈರುಳ್ಳಿ ಆರಿಸಿ ಅಂಚಿಗೆ ಇಡುವವನು, ಹೀಗೆ. ತಟ್ಟೆಯಿಲ್ಲದೆ ಅವರು ಯಾರೋ ಬಡಕಲು ಪರದೇಶಿಗಳಂತೆ ಕಂಡರು. ವೀಸಾ ವಿಭಾಗದ ಪ್ರೆಂಟಿಸ್ ಸಾಹೇಬರನ್ನು ಮಾತ್ರ ನಡಿಗೆಯಿಂದ ಗುರುತಿಸಿದೆ. ಬದುಕಿದ್ದಾರಲ್ಲ ಎಂದುಕೊಂಡೆ, ಅಷ್ಟೇ. ಅವರು ಒಮ್ಮೆ ಸಾಯುವವರಿದ್ದರು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಗುರುವಾರ. ಈ ಎರಡು ದೇಶಗಳು ಒಂದರ ಮುಖ ಒಂದು ನೋಡುವುದಿಲ್ಲವೆಂದು ಅಲ್ಜೀರಿಯಾದವರು ತಿಂಗಳುಗಟ್ಟಲೆ ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಹೊತ್ತು ತಿರುಗಿದರಲ್ಲ, ನಮ್ಮ ಮನೆಗೆ ನಿನ್ನ ಅಮ್ಮನೇ ಅಲ್ಜೀರಿಯಾ. ವಾರಕ್ಕೊಮ್ಮೆ ಒಗೆದ ಬಟ್ಟೆ ಹಿಡಿದು ನಿನ್ನ ಗೇಟಿಗೆ ಬರುತ್ತಾಳೆ, ಬೇಕಾದ್ದನ್ನು ಹೇಳುತ್ತಾಳೆ, ಬೇಡವಾದ್ದನ್ನು ನುಂಗುತ್ತಾಳೆ. ಈ ಸಲ ನುಂಗಲಾಗಲಿಲ್ಲ. ಚಹಾ ಸೋಸುತ್ತಾ ಸೋಸುತ್ತಾ ಎಲ್ಲ ಹೇಳಿಬಿಟ್ಟಳು. ನೀನು ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತೆಯಂತೆ. ನೀನು ಅತ್ತದ್ದು ನನಗೆ ನೆನಪಿರುವಂತೆ ಹತ್ತನೆಯ ವಯಸ್ಸಿನಲ್ಲಿ, ಮಣಿಕಟ್ಟು ಸುಟ್ಟುಕೊಂಡಾಗ. ಹಾಗಾಗಿ ಮೂರು ದಿನ ಯೋಚನೆ ಮಾಡಿ ಇವತ್ತು ಬರೆಯಲು ಕೂತಿದ್ದೇನೆ. ನಾನು ಹೇಳಬೇಕಾದ್ದನ್ನು ಕ್ರಮವಾಗಿ ಹೇಳುತ್ತೇನೆ, ನಡುವೆ ಎದ್ದು ಹೋಗಬೇಡ.

ಮೊದಲ ದಿನದಿಂದಲೇ ಬರುತ್ತೇನೆ. ೧೩೫೮ರ ಅಬಾನ್ ತಿಂಗಳ ಹದಿಮೂರು, ಭಾನುವಾರ, ಜಿಟಿಜಿಟಿ ಮಳೆ. ಹಿಂದಿನ ಸಂಜೆ ನೀನು “ಬಾಬಾ, ನಿಮ್ಮ ಮುಖ ನೋಡಿದ್ರೆ ಸುಸ್ತಾದ ಹಾಗಿದೆ, ನಾಳೆ ರಜಾ ಹಾಕಿ” ಎಂದಿದ್ದೆ. ಮಗಳಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ನಿನ್ನ ಅಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ, ಬೆಳಿಗ್ಗೆ ಎದ್ದು ಕೆಲಸಕ್ಕೂ ಹೋದೆ. ಹತ್ತೂವರೆಯ ಹೊತ್ತಿಗೆ ಸೂಪು ಕುದಿಯುತ್ತಿತ್ತು. ಗಡ್ಡದ ಹುಡುಗನೊಬ್ಬ ಒಳಗೆ ನುಗ್ಗಿ “ಕೈ ಮೇಲೆತ್ತಿ, ಹೊರಗೆ ನಡೀರಿ!” ಎಂದ. ನಾನು “ತಾಳಪ್ಪಾ, ಒಲೆ ಆರಿಸಿ ಬರ್ತೀನಿ. ಗ್ಯಾಸು ಹೊತ್ತಿಕೊಂಡ್ರೆ ನಾನೊಬ್ನೇ ಸುಡೋದಲ್ಲ, ನಿನ್ನ ಕ್ರಾಂತಿನೂ ಸುಡುತ್ತೆ” ಎಂದೆ. ಪಾಪ, ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೊರಗೆ ಅಂಗಳದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ನಮ್ಮ ಸಾಹೇಬರುಗಳು ನಿಂತಿದ್ದರು, ಅವರ ಆಚೆ ಕಪ್ಪು ಚಾದರದ ಹುಡುಗಿಯರ ಸಾಲು, ಆ ಸಾಲಿನ ಕೊನೆಯಲ್ಲಿ ನೀನು. ಗೋಡೆ ಹತ್ತಿ ಬಂದದ್ದಕ್ಕೆ ಅಂಗೈ ತರಚಿತ್ತು. ನನ್ನನ್ನು ನೋಡಿ ನೀನು ಹೇಳಿದ ಮೊದಲ ಮಾತು “ರಜಾ ಹಾಕಿ ಅಂದಿರ್ಲಿಲ್ವಾ?”

ಆ ರಾತ್ರಿ ನೀನು ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದಾಗ ನಾವು ಆಡಿದ ಮಾತುಗಳು ಇಬ್ಬರಿಗೂ ನೆನಪಿವೆ. ಅವರ ಉಪ್ಪು ತಿಂದಿದ್ದೇವೆ, ನಿನ್ನ ಶಾಲೆಯ ಚೀಲ ಕೂಡ ಆ ಉಪ್ಪಿನದೇ, ಋಣ ಅನ್ನುವುದೊಂದಿದೆ ಎಂದೆ. ನೀನು “ಆ ಉಪ್ಪು ಅವರದ್ದಲ್ಲ ಬಾಬಾ, ನಮ್ಮದೇ. ನಮ್ಮದನ್ನೇ ತಗೊಂಡು, ಅದರಲ್ಲೇ ಒಂದು ಚಿಟಿಕೆ ನಮಗೆ ಕೊಟ್ರು. ನೀವು ಅದಕ್ಕೆ ತಲೆ ಬಾಗ್ತೀರಿ” ಎಂದೆ. ನಾನು ತಟ್ಟೆ ಎಸೆದೆ. ನೀನು ಬಾಗಿಲು ಬಡಿದುಕೊಂಡು ಹೋದೆ. ಹೋಗುವಾಗ ಅಮ್ಮನಿಗೆ “ಮೂರು ದಿನದ ಕೆಲಸ ಅಷ್ಟೇ” ಎಂದಿದ್ದೆ. ನಾನೂರ ನಲವತ್ತನಾಲ್ಕು ದಿನವಾಯಿತು. ಆಗ ಸಿಟ್ಟಿನಲ್ಲಿ ಹೇಳದ್ದನ್ನು ಈಗ ಹೇಳುತ್ತೇನೆ: ನಿನ್ನ ಮಾತಿನಲ್ಲಿ ಅರ್ಧ ನಿಜವಿತ್ತು. ಇಪ್ಪತ್ತೇಳು ವರ್ಷದ ಕೆಳಗೆ ನಾವು ಆರಿಸಿದ ಪ್ರಧಾನಿಯನ್ನು ಅದೇ ಕಾಂಪೌಂಡಿನಲ್ಲಿ ಕೂತು ಉರುಳಿಸಿದರು. ಆ ದಿನ ಬಜಾರಿನಲ್ಲಿ ಟ್ಯಾಂಕು ಬಂದಾಗ ನಾನು ಒಂದು ಕಬಾಬ್ ಅಂಗಡಿಯ ಮೇಜಿನ ಕೆಳಗೆ ಅವಿತಿದ್ದೆ. ಏಳು ವರ್ಷದ ಮೇಲೆ ಅದೇ ಕಾಂಪೌಂಡಿನಲ್ಲಿ ಕೆಲಸ ಸಿಕ್ಕಿದಾಗ ಮೇಜಿನ ಕೆಳಗಿನದನ್ನು ಮರೆತೆ. ಮರೆತದ್ದು ನಿಜ. ಇನ್ನರ್ಧ ಏನೆಂದರೆ, ವೀಸಾ ಮೊಹರು ಒತ್ತುವ ಮನುಷ್ಯ ಪ್ರಧಾನಿಯನ್ನು ಉರುಳಿಸಿದವನಲ್ಲ. ಅವನಿಗೆ ಸೂಪಿಗೆ ಉಪ್ಪು ಜಾಸ್ತಿಯಾದರೆ ಹೇಳುವ ಧೈರ್ಯವೂ ಇರಲಿಲ್ಲ.

ಪ್ರೆಂಟಿಸ್ ಸಾಹೇಬರ ವಿಷಯಕ್ಕೆ ಬರುತ್ತೇನೆ. ಅವರು ಮೊದಲ ಸಲ ತೆಹ್ರಾನಿಗೆ ಬಂದಾಗ ನಿನಗೆ ಹತ್ತು ವರ್ಷ. ಶಾಲೆಗೆ ರಜೆ ಬಂದರೆ ನೀನು ನನ್ನ ಜೊತೆ ಬಂದು ಹಿಟ್ಟಿನ ಡಬ್ಬದ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದೆ. ಚಹಾಕ್ಕೆಂದು ಬಂದ ಅವರು ನಿನ್ನ ಇಂಗ್ಲಿಷ್ ಪಾಠ ತಿದ್ದುತ್ತಿದ್ದರು. ಇವತ್ತು ನಿಮ್ಮ ಗುಂಪಿನಲ್ಲಿ ‘ಇಂಗ್ಲಿಷ್ ಬರುವ ಹುಡುಗಿ’ ಎಂದು ನಿನಗೆ ಹೆಸರಿದ್ದರೆ ಅದರ ಬುಡ ಆ ಹಿಟ್ಟಿನ ಡಬ್ಬದಲ್ಲಿದೆ. ನೀನು ಒಲೆಯ ಬಾಗಿಲಿಗೆ ಕೈ ತಾಗಿಸಿ ಮಣಿಕಟ್ಟು ಸುಟ್ಟುಕೊಂಡ ದಿನ ಮುಲಾಮು ಹಿಡಿದು ಓಡಿ ಬಂದವರೂ ಅವರೇ. ಆ ಕಾಲದಲ್ಲೇ ಒಂದು ದಿನ ಅವರು ನನ್ನ ಅಜ್ಜನ ಕಾಲದ ತಾಮ್ರದ ಉಪ್ಪಿನ ಡಬ್ಬಿ ನೋಡಿ “ಎಷ್ಟು ಚೆನ್ನಾಗಿದೆ, ನುಸ್ರತ್” ಎಂದರು. ನಾನು, ನಮ್ಮಲ್ಲಿ ಯಾರಾದರೂ ಹೇಳುವ ಹಾಗೆ, “ನಿಮ್ಮದೇ ಅಂದ್ಕೊಳ್ಳಿ, ತಗೊಂಡ್ಹೋಗಿ” ಎಂದೆ. ಆ ಪುಣ್ಯಾತ್ಮ ಥ್ಯಾಂಕ್ಸ್ ಹೇಳಿ ತೆಗೆದುಕೊಂಡೇ ಹೋದರು! ನಾನು ಎರಡು ದಿನ ಉಪ್ಪನ್ನು ಕಾಗದದ ಪೊಟ್ಟಣದಲ್ಲಿಟ್ಟುಕೊಂಡು ಅಡುಗೆ ಮಾಡಿದೆ. ಮೂರನೆಯ ದಿನ ಯಾರೋ ಅವರಿಗೆ ನಮ್ಮ ತಾರೋಫ್ ಎಂದರೇನು ಎಂದು ಬಿಡಿಸಿ ಹೇಳಿದರು: ಇರಾನಿನಲ್ಲಿ ಕೊಡುವವನು ಮರ್ಯಾದೆಗೆ ಕೊಡುತ್ತೇನೆ ಅನ್ನುತ್ತಾನೆ, ತಗೊಳ್ಳುವವನು ಮರ್ಯಾದೆಗೆ ಬೇಡ ಅನ್ನಬೇಕು, ಮೂರನೆಯ ಸಲ ಏನು ಹೇಳುತ್ತಾರೋ ಅದೇ ನಿಜವಾದ ಮಾತು ಎಂದು. ಕಿವಿಯವರೆಗೆ ಕೆಂಪಾಗಿ ಡಬ್ಬಿ ವಾಪಸು ತಂದರು. ಆಮೇಲಿಂದ ನಾನು ಏನಾದರೂ ಬೇಡ ಎಂದರೆ ಕಣ್ಣು ಮಿಟುಕಿಸಿ “ಇದು ಎಷ್ಟನೇ ಬೇಡ, ನುಸ್ರತ್?” ಎಂದು ಕೇಳುತ್ತಿದ್ದರು. ನಡುವೆ ಒಂಬತ್ತು ವರ್ಷ ಬೇರೆ ದೇಶಕ್ಕೆ ಹೋಗಿ, ನಮ್ಮ ಗ್ರಹಚಾರವೋ ಅವರದೋ, ಕ್ರಾಂತಿಯ ವರ್ಷ ಮತ್ತೆ ಇಲ್ಲಿಗೇ ಬಂದರು. ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೂ ಅದೇ ಮಾತು.

ಅವರಿಗೆ ಅಕ್ರೋಟು ಆಗದು ಎಂದು ನನಗೆ ಗೊತ್ತಾದದ್ದೂ ಹಾಗೆಯೇ. ಅವರ ಮೊದಲ ಚಳಿಗಾಲದಲ್ಲಿ ಫೆಸೆಂಜಾನ್ ಮಾಡಿದ್ದೆ. ಅಕ್ರೋಟು ಅರೆದು, ದಾಳಿಂಬೆ ರಸದಲ್ಲಿ ಕೋಳಿ ಬೇಯಿಸಿ, ಇಡೀ ಕಚೇರಿ ಬೆರಳು ಚೀಪುವ ಹಾಗೆ. ಬೇಡ ಎಂದರು. ಮರ್ಯಾದೆಗೆ ಇರಬೇಕೆಂದು ಇನ್ನೊಮ್ಮೆ ಬಡಿಸಲು ಹೋದೆ. ಬೇಡ. ಮೂರನೆಯ ಸಲ ನನ್ನ ಕೈಯನ್ನೇ ಹಿಡಿದು “ಇದು ಮೂರನೆಯದು ನುಸ್ರತ್. ಅಕ್ರೋಟು ತಿಂದರೆ ನನಗೆ ಗಂಟಲು ಮುಚ್ಚಿಹೋಗತ್ತೆ” ಎಂದರು. ಅಂದಿನಿಂದ ಅವರ ತಟ್ಟೆಗೆ ಬೇರೆ ಪಾತ್ರೆ, ಬೇರೆ ಸೌಟು. ಇಂಥವು ನನ್ನ ತಲೆಯಲ್ಲಿ ಹದಿನೆಂಟೋ ಇಪ್ಪತ್ತೋ ಇದ್ದವು: ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹಾಲು ಆಗದು, ಯಾರಿಗೆ ಹುಣ್ಣು. ಎಲ್ಲೂ ಬರೆದಿಡಲಿಲ್ಲ. ಅಡುಗೆಯವನು ಇರುವಾಗ ಬರೆದಿಡುವುದೇಕೆ?

ಈಗ ಫೋನಿನ ವಿಷಯ. ನೀವು ಒಳಗಿದ್ದ ಹೆಂಗಸರನ್ನೂ ಕರಿಯರನ್ನೂ ಬಿಟ್ಟು ಕಳಿಸಿದ ಆ ವಾರ. ಹಿಂದಿನ ದಿನವೇ ನಿನ್ನ ಅಮ್ಮ ಬಂದು “ಅಲ್ಲಿ ಅಡುಗೆಗೆ ಜನ ಇಲ್ವಂತೆ, ಮಗು ನಿಮ್ಮನ್ನ ಕರೀತಾಳೆ, ದಯವಿಟ್ಟು ಬಿಗುಮಾನ ಮಾಡ್ಬೇಡಿ” ಎಂದಿದ್ದಳು. ನಾನು ಹುಂ ಎನ್ನಲಿಲ್ಲ. ಆದರೆ ಬೆಳಿಗ್ಗೆ ಎದ್ದು ಗಡ್ಡ ಬೋಳಿಸಿಕೊಂಡೆ, ಇಸ್ತ್ರಿಯ ಅಂಗಿ ಹಾಕಿಕೊಂಡೆ, ಏಳೂ ಚಾಕುಗಳನ್ನು ಸಾಣೆ ಹಿಡಿದು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡು ಕೂತೆ. ಸಫ್ದರ್ ರಸ್ತೆಯ ಆ ಕಡೆಯಿಂದ “ಉಸ್ತಾದ್, ನಿಮ್ಮ ಮಗಳ ಫೋನು!” ಎಂದು ಕೂಗಿದಾಗ ಚಪ್ಪಲಿ ಹಾಕದೆ ಓಡಿದೆ. ನೀನು “ಬಾಬಾ, ಇಲ್ಲಿ ಅಡುಗೆ ಮಾಡೋಕೆ ಬರ್ತೀರಾ?” ಎಂದೆ. ನಾನು “ಬೇಡಮ್ಮ, ನನ್ನಂಥ ಮುದಿ ಆಳು ನಿಮಗ್ಯಾಕೆ” ಎಂದೆ. ನೀನು “ಬನ್ನಿ ಬಾಬಾ, ಇವರು ನಮ್ಮ ಕೈ ಅಡುಗೆ ಮುಟ್ತಾ ಇಲ್ಲ” ಎಂದೆ. ನಾನು “ಬೇಡ ಬೇಡ, ನನಗಿಂತ ಚೆನ್ನಾಗಿ ಮಾಡೋರು ಎಷ್ಟು ಜನ ಇಲ್ಲ” ಎಂದು ಹೇಳಿ ಮೂರನೆಯದಕ್ಕೆ ಕಾದೆ. ಮೂರನೆಯದಕ್ಕೆ ಕೊಡುವ ಉತ್ತರ ನಾಲಗೆಯ ತುದಿಯಲ್ಲೇ ಇತ್ತು: ‘ಇಷ್ಟು ಕೇಳ್ತೀಯಲ್ಲ, ಬರ್ತೀನಿ ಬಿಡು.’ ನೀನು “ಸರಿ ಬಾಬಾ” ಎಂದು ಫೋನಿಟ್ಟೆ.

ರಿಸೀವರ್ ಕಿವಿಗೆ ಹಿಡಿದುಕೊಂಡು ಇನ್ನೂ ಎಷ್ಟು ಹೊತ್ತು ನಿಂತಿದ್ದೆನೋ. ಸಫ್ದರನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಗೊರಗೊರ ಅನ್ನುವ ಆ ಖಾಲಿ ತಂತಿಗೆ “ಆಗ್ಲಿ ಮಗಳೇ, ದೇವರು ಒಳ್ಳೇದು ಮಾಡ್ಲಿ” ಎಂದು ಬೇರೆ ಹೇಳಿದೆ. ಮನೆಗೆ ಬಂದು ನಿನ್ನ ಅಮ್ಮನಿಗೆ, ಎರಡೇ ಸಲ ಕೇಳಿದಳು, ಹೆತ್ತ ಅಪ್ಪನನ್ನು ಎರಡೇ ಸಲ, ಎಂದು ಕೂಗಾಡಿದೆ. ಅವಳು “ಮೊದಲನೇ ಸಲಕ್ಕೇ ಹುಂ ಅಂದಿದ್ರೆ ನಾಲಿಗೆ ಸವೀತಿತ್ತಾ?” ಎಂದಳು. ಆ ಕ್ರಾಂತಿಯ ಬೇಸಿಗೆಯಲ್ಲಿ ನೀನು ಊಟದ ಹೊತ್ತಿನಲ್ಲಿ “ಇನ್ನು ಮೇಲೆ ನಾನು ತಾರೋಫ್ ಮಾಡಲ್ಲ. ಅದು ಅರಮನೆಯವರ ಸುಳ್ಳು. ನಾನು ಹೂಂ ಅಂದ್ರೆ ಹೂಂ, ಬೇಡ ಅಂದ್ರೆ ಬೇಡ. ನೀವು ಹೇಳೋದನ್ನೂ ಹಾಗೇ ತಗೋತೀನಿ” ಎಂದು ಸಾರಿದ್ದೆಯಲ್ಲ, ನಾವು ನಕ್ಕಿದ್ದೆವಲ್ಲ, ಅದನ್ನೂ ಅವಳೇ ನೆನಪಿಸಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಚಾಕುಗಳ ಗಂಟು ಬಿಚ್ಚಲೂ ಇಲ್ಲ. ಅದು ಇವತ್ತಿಗೂ ಬಾಗಿಲ ಪಕ್ಕದ ಗೂಡಿನಲ್ಲಿದೆ. ಮದುವೆ ಮನೆಗಳಲ್ಲಿ ಅವರ ಚಾಕು, ಮನೆಯಲ್ಲಿ ನಿನ್ನ ಅಮ್ಮನ ಮೊಂಡು ಚಾಕು. ಹದಿನಾಲ್ಕು ತಿಂಗಳಿಂದ ಅವಳು ಈರುಳ್ಳಿಯನ್ನು ಹೆಚ್ಚುತ್ತಿಲ್ಲ, ಜಜ್ಜುತ್ತಿದ್ದಾಳೆ, ಪ್ರತಿ ಈರುಳ್ಳಿಗೂ ನನಗೆ ಒಂದೊಂದು ಬೈಗುಳ.

ಮಗಳೇ, ಗುರುವಾರ ಕೇಳಿದ್ದು ಇದರ ಉಳಿದ ಭಾಗ. ಹೋದ ವರ್ಷ ಇದೇ ತಿಂಗಳು, ಕ್ರಾಂತಿಯ ವಾರ್ಷಿಕೋತ್ಸವದ ದಿನ, ಯಾರೋ ಹರಕೆ ಹೊತ್ತವರು ನಿಮಗೆಲ್ಲ ದೊಡ್ಡ ಪಾತ್ರೆಯಲ್ಲಿ ಫೆಸೆಂಜಾನ್ ಕಳಿಸಿದ್ದರಂತೆ. ಹಬ್ಬದ ಊಟ ಒಳಗಿನವರಿಗೂ ಹೋಗಲಿ ಎಂದು ನೀನೇ ತಟ್ಟೆ ಹೊತ್ತು ಪ್ರೆಂಟಿಸ್‌ರ ಕೋಣೆಗೆ ಹೋದೆಯಂತೆ. ಅವರು ಬೇಡ ಎಂದರು. ನೀನು “ಎರಡೇ ಎರಡು ತುತ್ತು” ಎಂದೆ. ಅವರು ಮತ್ತೆ ಬೇಡ ಎಂದರು. ನೀನು, ನಿನ್ನ ಅಜ್ಜಿ ನೆಂಟರಿಗೆ ಹೇಳುವ ಅದೇ ರಾಗದಲ್ಲಿ, “ನನ್ನಾಣೆ, ತಿನ್ನಲೇಬೇಕು” ಎಂದೆ. ನಿನ್ನ ಬೆನ್ನ ಹಿಂದೆ ಬಾಗಿಲಲ್ಲಿ ಬಂದೂಕು ಹಿಡಿದ ಹುಡುಗ ನಿಂತಿದ್ದ. ಕೈದಿಗಳು ಹೂಂ, ಬೇಡ ಬಿಟ್ಟು ಬೇರೆ ಮಾತಾಡಕೂಡದು ಎಂದು ನಿಮ್ಮವರ ಕಟ್ಟಪ್ಪಣೆ. ಹಿಂದಿನ ವಾರ ಊಟ ಬಿಟ್ಟ ಇಬ್ಬರನ್ನು ಕತ್ತಲ ಕೋಣೆಗೆ ಹಾಕಿದ್ದೂ ಅವರಿಗೆ ಗೊತ್ತಿತ್ತು. ನಿನ್ನನ್ನು ನೋಡಿದರು, ಆ ಹುಡುಗನನ್ನು ನೋಡಿದರು, ಚಮಚ ಎತ್ತಿದರು. ಮೂರನೆಯ ತುತ್ತಿಗೆ ತುಟಿ ಊದಿತು, ಆಮೇಲೆ ಉಸಿರು ಸಿಕ್ಕಿಕೊಂಡಿತು. ನಿಮ್ಮಲ್ಲೇ ವೈದ್ಯಕೀಯ ಓದುವ ಹುಡುಗಿಯೊಬ್ಬಳು ಸೂಜಿ ಚುಚ್ಚಿದ್ದಕ್ಕೆ ಉಳಿದರು. ಅವರ ತಲೆ ನೀನು ತೊಡೆಯ ಮೇಲೆ ಹಿಡಿದುಕೊಂಡಿದ್ದೆ. ಆಗ ನಿನ್ನ ಮಣಿಕಟ್ಟಿನ ಸುಟ್ಟ ಕಲೆ ಅವರ ಕಣ್ಣಿಗೆ ಬಿತ್ತು.

ಅಲ್ಲಿಯವರೆಗೆ ಅವರಿಗೆ ನೀನು ಯಾರೆಂದು ಗೊತ್ತಿರಲಿಲ್ಲ. ಉಸಿರು ಬಂದ ಮೇಲೆ ಅವರು ಕೇಳಿದ್ದು ಒಂದೇ: “ನುಸ್ರತ್ ಚೆನ್ನಾಗಿದಾರಾ?” ನೀನು ಎದ್ದು ಹೋದೆಯಂತೆ. ವಸಂತದಲ್ಲಿ ಅವರನ್ನು ಬಿಡಿಸಲು ಬಂದ ಹೆಲಿಕಾಪ್ಟರುಗಳು ತಬಸ್ ಮರಳುಗಾಡಿನ ಧೂಳಿನಲ್ಲಿ ಕೆಟ್ಟು ಬಿದ್ದು ಉರಿದ ಮೇಲೆ ಎಲ್ಲರನ್ನೂ ಊರೂರಿಗೆ ಚದುರಿಸಿದಿರಿ. ಬೇಸಿಗೆಯಲ್ಲಿ ಶಾ ಈಜಿಪ್ಟಿನಲ್ಲಿ ಸತ್ತ. ಶರತ್ಕಾಲದಲ್ಲಿ ಇರಾಕಿನ ವಿಮಾನಗಳು ಬಂದವು. ನೀನು ಅವರನ್ನು ಮತ್ತೆ ಕಂಡದ್ದು ಕೊನೆಯ ವಾರ. ಮಂಗಳವಾರ ಹೊರಡುವ ಮುಂಚೆ ಅವರು ನಮ್ಮ ಭಾಷೆಯಲ್ಲೇ, ಯಾರ ಅಪ್ಪಣೆಯನ್ನೂ ಕೇಳದೆ, ನಿನಗೆ ಹೇಳಿದರಂತೆ: “ನಿಮ್ಮಪ್ಪನಿಗೆ ಹೇಳು. ಅವತ್ತು ನಾನು ಮೂರನೇ ಸಲನೂ ಬೇಡ ಅನ್ನಬೇಕಿತ್ತು. ಧೈರ್ಯ ಬರಲಿಲ್ಲ.”

ಆ ಮಾತು ಗುರುವಾರದಿಂದ ನನ್ನನ್ನು ಬಿಟ್ಟಿಲ್ಲ. ನಿನ್ನ ತಪ್ಪಿಲ್ಲ ಎಂದು ನಾನು ಬರೆಯುವುದಿಲ್ಲ. ಬರೆದರೆ ಅದೂ ತಾರೋಫ್ ಆಗುತ್ತದೆ. ಬಂದೂಕು ನಿಂತಿರುವ ಕೋಣೆಯಲ್ಲಿ ಉಪಚಾರ ಅನ್ನುವುದು ಇಲ್ಲ. ಅಲ್ಲಿ ನೀನು ಎಷ್ಟು ಪ್ರೀತಿಯಿಂದ ಹೇಳಿದರೂ ಅದು ಅಪ್ಪಣೆಯೇ. ಅರಮನೆಯ ಸುಳ್ಳನ್ನು ಬಿಟ್ಟೆ ಎಂದ ಹುಡುಗಿ ಕೈದಿಗೆ ಮೂರು ಸಲ ಒತ್ತಾಯ ಮಾಡಿದೆ, ಅಪ್ಪನಿಗೆ ಎರಡು ಸಲ. ಒಂದು ಸಲ ಅಲ್ಲಿಂದ ತೆಗೆದು ಇಲ್ಲಿಗೆ ಹಾಕಿದ್ದರೆ ಆಗಿತ್ತು ಎಂದು ಮೊದಲ ದಿನ ಅನಿಸಿತು. ಎರಡನೆಯ ದಿನಕ್ಕೆ ಆ ಸಿಟ್ಟೂ ಇಳಿಯಿತು. ಏಕೆಂದರೆ ಯಾವ ಪಾತ್ರೆಯನ್ನು ಯಾರ ಮುಂದೆ ಇಡಬಾರದು ಎಂದು ಇಡೀ ತೆಹ್ರಾನಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅದು ನನ್ನ ತಲೆಯಲ್ಲಿತ್ತು, ನೀನು ಫೋನಿನಲ್ಲಿದ್ದೆ, ನಾನು ಅದನ್ನು ಹೇಳದೆ ಇನ್ನೊಮ್ಮೆ ಕೇಳಿಸಿಕೊಳ್ಳುವ ಸುಖಕ್ಕೆ ಕಾಯುತ್ತಾ ನಿಂತಿದ್ದೆ. ಬರಲ್ಲ ಎನ್ನುವುದಿದ್ದರೂ ‘ಪ್ರೆಂಟಿಸ್‌ಗೆ ಅಕ್ರೋಟು ಕೊಡಬೇಡ’ ಎಂದು ಒಂದು ಮಾತು ಹೇಳಬಹುದಿತ್ತು. ಆ ಮನುಷ್ಯ ಸತ್ತಿದ್ದರೆ ಅವರ ದೇಶ ಏನು ಮಾಡುತ್ತಿತ್ತೋ, ನಮ್ಮ ದೇಶ ಏನು ಮಾಡುತ್ತಿತ್ತೋ, ಅದು ದೊಡ್ಡವರ ಮಾತು. ನನಗೆ ಗೊತ್ತಿರುವುದು ಇಷ್ಟೇ: ನೀನು ಇಪ್ಪತ್ತೆರಡನೆಯ ವಯಸ್ಸಿಗೆ ಅದನ್ನು ಹೊತ್ತುಕೊಂಡು ಬದುಕಬೇಕಾಗುತ್ತಿತ್ತು, ಅದರ ಹಿಂದಿನ ಕಾರಣ ನನ್ನ ಬಿಗುಮಾನ ಎಂದು ನಿನಗೆ ಗೊತ್ತೂ ಆಗುತ್ತಿರಲಿಲ್ಲ. ನನ್ನನ್ನು ಕ್ಷಮಿಸು ಮಗಳೇ. ಇದನ್ನು ಬರೆಯಲು ಮೂರು ಕಾಗದ ಹರಿದೆ.

ಶನಿವಾರ ನೀನು ಅಹವಾಜ್‌ಗೆ ಹೊರಡುತ್ತೀಯ, ಗಾಯಾಳುಗಳ ಆಸ್ಪತ್ರೆಯ ಕೆಲಸಕ್ಕೆ ಹೆಸರು ಬರೆಸಿದ್ದೀಯ ಎಂದೂ ಅಮ್ಮ ಹೇಳಿದಳು. ಅಲ್ಲಿ ದಿನಾ ಫಿರಂಗಿ ಗುಂಡು ಬೀಳುತ್ತದೆ ಎಂದು ಗೊತ್ತಿದ್ದೂ ತಡೆಯುವುದಿಲ್ಲ, ತಡೆದರೂ ನೀನು ನಿಲ್ಲುವವಳಲ್ಲ. ಶುಕ್ರವಾರ ಮಧ್ಯಾಹ್ನ ಮನೆಗೆ ಊಟಕ್ಕೆ ಬಾ. ಪಾಲಕ್ ಮತ್ತು ಒಣ ಪ್ಲಮ್ ಹಾಕಿದ ನಿನ್ನ ಇಷ್ಟದ ಸಾರು ಮಾಡುತ್ತೇನೆ. ಮಾಂಸದ ಕೂಪನ್ನು ಅಮ್ಮ ಎರಡು ವಾರದಿಂದ ಉಳಿಸಿಟ್ಟಿದ್ದಾಳೆ. ಗುಬ್ಬಿಗಳಿಗೆ ಅವತ್ತು ಉಪವಾಸ. ಉಪ್ಪು ಯಾರದು ಎಂಬ ಜಗಳ ಬೇಕಿದ್ದರೆ ಊಟವಾದ ಮೇಲೆ ಮುಂದುವರಿಸೋಣ, ತಟ್ಟೆ ಎಸೆಯುವುದಿಲ್ಲ, ಹೊಸ ತಟ್ಟೆ ಈಗ ಸಿಗುವುದೂ ಇಲ್ಲ.

ಆ ಹುಡುಗಿಗೆ, ಸೂಜಿ ಚುಚ್ಚಿದವಳಿಗೆ, ನನ್ನ ನಮಸ್ಕಾರ ತಿಳಿಸು. ಅಮ್ಮ ನಿನ್ನ ಎರಡೂ ಕಣ್ಣಿಗೆ ಮುತ್ತು ಕಳಿಸಿದ್ದಾಳೆ. ದೇವರ ನೆರಳು ನಿನ್ನ ತಲೆಯ ಮೇಲಿರಲಿ, ಅಂಗೈ ತರಚದಿರಲಿ.

ನಿನ್ನ ಬಾಬಾ,
ನುಸ್ರತುಲ್ಲಾ

ಮರೆತಿದ್ದೆ: ಲಕೋಟೆ ಅಂಟಿಸುವ ಹೊತ್ತಿಗೆ ನಿನ್ನ ಅಮ್ಮ ಇನ್ನೊಂದು ಮಾತು ಹೊರಗೆ ಬಿಟ್ಟಳು. ಆ ಆಸ್ಪತ್ರೆಯಲ್ಲಿ ಮುನ್ನೂರು ಗಾಯಾಳುಗಳಂತೆ, ಅಡುಗೆಯವರು ಯಾರೂ ಇಲ್ಲವಂತೆ, ನೀನು ಅದನ್ನು ಅವಳಿಗೆ ಹೇಳಿ “ಬಾಬಾಗೆ ಹೇಳಬೇಡ, ಮತ್ತೆ ಬೇಡ ಅಂತಾರೆ” ಎಂದೆಯಂತೆ. ಅವಳು, ಇಲ್ಲಿ ಒಬ್ಬಳೇ ಇರುವುದೇಕೆಂದು, ಈಗಾಗಲೇ ಕಜ್ವೀನ್‌ನಲ್ಲಿರುವ ತಂಗಿಯ ಮನೆಗೆ ಹೋಗಲು ಬಟ್ಟೆ ಮಡಚುತ್ತಿದ್ದಾಳೆ. ಚಾಕುಗಳ ಗಂಟು ಕಟ್ಟಿದ ಹಾಗೇ ಇದೆ, ಉಪ್ಪಿನ ಡಬ್ಬಿಯನ್ನು ಅದರ ಜೊತೆ ಇಟ್ಟಿದ್ದೇನೆ. ಶುಕ್ರವಾರ ಬಂದಾಗ ಕೇಳು. ಒಂದೇ ಸಲ ಕೇಳು, ಸಾಕು.